ವಾಹನ ಮೇಳದ ವೇದಿಕೆಯಿಂದ ದೇವಿಮನೆ ಘಟ್ಟದವರೆಗೆ: ಹೊಸ ಗಾಡಿಗಳ ಘೋಷಣೆಯನ್ನು ಅಳೆದು ನೋಡುವ ಬಗೆ

2025ರ ಜನವರಿ 17ರಿಂದ 22ರವರೆಗೆ ದೆಹಲಿಯ ಭಾರತ್ ಮಂಡಪಂನಲ್ಲಿ ಭಾರತ್ ಮೊಬಿಲಿಟಿ ಗ್ಲೋಬಲ್ ಎಕ್ಸ್‌ಪೋದ ಅಂಗವಾಗಿ ಆಟೋ ಎಕ್ಸ್‌ಪೋ ನಡೆಯಿತು. ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್, ಮಾರುತಿ ಸುಜುಕಿ ಇ-ವಿಟಾರಾ, ಟಾಟಾ ಸಿಯೆರಾ, ಟಾಟಾ ಹ್ಯಾರಿಯರ್ ಇವಿ, ವಿಯೆಟ್ನಾಮಿನ ವಿನ್‌ಫಾಸ್ಟ್ ಸಂಸ್ಥೆಯ ವಿಎಫ್ 6 ಮತ್ತು ವಿಎಫ್ 7, ಬಿವೈಡಿ ಸೀಲಯನ್ 7, ಜತೆಗೆ ಹತ್ತಾರು ಸ್ಕೂಟರು-ಬೈಕುಗಳು ಅಲ್ಲಿ ದೇಶದ ಜನರ ಕಣ್ಣಿಗೆ ಬಿದ್ದವು. ಇವುಗಳಲ್ಲಿ ಹಲವನ್ನು ಕಾರವಾರ, ಕುಮಟಾ, ಶಿರಸಿಯ ಜನ ಇಂದು ಶೋರೂಮುಗಳಲ್ಲಿ ವಿಚಾರಿಸುತ್ತಿದ್ದಾರೆ. ಆದರೆ ಒಂದೇ ದಿನ, ಒಂದೇ ಬೆಳಕಿನಡಿ ನಿಂತಿದ್ದ ಈ ಗಾಡಿಗಳು ರಸ್ತೆಗೆ ಒಂದೇ ದೂರದಲ್ಲಿರಲಿಲ್ಲ. ಕೆಲವನ್ನು ಅಂದೇ ಬುಕ್ ಮಾಡಬಹುದಿತ್ತು. ಕೆಲವಕ್ಕೆ ಹತ್ತು ತಿಂಗಳು, ಇನ್ನು ಕೆಲವಕ್ಕೆ ಒಂದು ವರ್ಷ ಕಾಯಬೇಕಾಯಿತು. ಕೆಲವು ಮಾರಾಟಕ್ಕೆ ಬರುತ್ತವೆ ಎಂದು ಯಾರೂ ಮಾತು ಕೊಟ್ಟಿರಲಿಲ್ಲ. ಈ ವ್ಯತ್ಯಾಸವನ್ನು ಗುರುತಿಸುವುದು ಹೇಗೆ, ವೇದಿಕೆಯಲ್ಲಿ ಹೇಳಿದ ಅಂಕಿಗಳು ಘಟ್ಟ, ಮಳೆ, ಉಪ್ಪುಗಾಳಿ ಮೂರೂ ಇರುವ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಬಂದಾಗ ಏನಾಗುತ್ತವೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೇಳದಲ್ಲಿ ಪರದೆ ಸರಿಸಿ ತೋರಿಸುವ ವಾಹನಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಮೊದಲನೆಯದು ಕಾನ್ಸೆಪ್ಟ್. ಸಂಸ್ಥೆಯ ವಿನ್ಯಾಸಕಾರರು ಮುಂದಿನ ದಿಕ್ಕು ಯಾವುದೆಂದು ತೋರಿಸಲು ಕಟ್ಟಿದ ಮಾದರಿ ಇದು. ಇಂಥ ಮಾದರಿಗಳು ಎಷ್ಟೋ ಸಲ ಒಂದೇ ಒಂದು ಇರುತ್ತವೆ. ವೇದಿಕೆಯ ಮೇಲೆ ನಿಧಾನವಾಗಿ ಉರುಳುವಷ್ಟು ಮಾತ್ರ ಶಕ್ತಿಯುಳ್ಳ ಮೋಟರನ್ನು ಕೂಡಿಸಿರುವುದೂ ಉಂಟು. ಬಾಗಿಲಿನ ಹಿಡಿಕೆ, ಕನ್ನಡಿ, ಚಕ್ರದ ಗಾತ್ರ ಯಾವುದನ್ನೂ ಅಂತಿಮವೆಂದು ತಿಳಿಯುವಂತಿಲ್ಲ. ಎರಡನೆಯದು ಉತ್ಪಾದನೆಗೆ ಹತ್ತಿರವಾದ ಮಾದರಿ: ಹೊರಮೈ ಬಹುಪಾಲು ನಿಶ್ಚಯವಾಗಿದೆ, ಒಳಭಾಗವನ್ನು ಕಪ್ಪು ಗಾಜಿನ ಹಿಂದೆ ಮುಚ್ಚಿಟ್ಟಿರಬಹುದು, ಬೆಲೆ ಘೋಷಣೆಯಾಗಿಲ್ಲ. ಮೂರನೆಯದು ನಿಜವಾದ ಬಿಡುಗಡೆ: ಬೆಲೆ, ಮಾದರಿಗಳ ಪಟ್ಟಿ, ಬುಕಿಂಗ್ ಎಲ್ಲವೂ ಸಿದ್ಧ. ಯಾವ ಗಾಡಿ ಯಾವ ಬಗೆಯದೆಂದು ತಿಳಿಯಲು ಮೊದಲು ಕೇಳಬೇಕಾದ ಪ್ರಶ್ನೆ, ಬೆಲೆ ಹೇಳಿದರೇ ಎಂಬುದು. ಬೆಲೆ ಹೇಳದೆ ತೋರಿಸಿದ್ದು ಎಷ್ಟೇ ಸುಂದರವಾಗಿರಲಿ, ಅದನ್ನು ನಂಬಿ ಈಗಿರುವ ಗಾಡಿಯನ್ನು ಮಾರುವುದು ವಿವೇಕವಲ್ಲ.

ಈ ಮೂರು ಹಂತಗಳನ್ನೂ ಒಂದೇ ಹೆಸರಿನಡಿ ದಾಟಿ ಬಂದ ಗಾಡಿ ಟಾಟಾ ಸಿಯೆರಾ. 1991ರಲ್ಲಿ ಮಾರುಕಟ್ಟೆಗೆ ಬಂದಿದ್ದ ಮೂಲ ಸಿಯೆರಾವನ್ನು ಕಂಡವರಿಗೆ ಅದರ ಹಿಂಬದಿಯ ಗಾಜು ಮರೆತಿರಲಾರದು. ಪಕ್ಕದಿಂದ ಮೇಲೇರಿ ಛಾವಣಿಯ ಕಡೆಗೆ ಬಾಗುವ ಆ ದೊಡ್ಡ ಗಾಜೇ ಗಾಡಿಯ ಗುರುತಾಗಿತ್ತು. 2020ರ ಆಟೋ ಎಕ್ಸ್‌ಪೋದಲ್ಲಿ ಅದೇ ಹೆಸರಿನ ವಿದ್ಯುತ್ ಕಾನ್ಸೆಪ್ಟ್ ಕಾಣಿಸಿಕೊಂಡಿತು. 2023ರ ಮೇಳದಲ್ಲಿ ಅದರ ಇನ್ನಷ್ಟು ಪಕ್ವವಾದ ರೂಪ ಬಂತು. 2025ರ ಜನವರಿಯಲ್ಲಿ ತೋರಿಸಿದ್ದು ಇಂಧನ ಎಂಜಿನ್ ಇರುವ, ಉತ್ಪಾದನೆಗೆ ಹತ್ತಿರವಾದ ಗಾಡಿ. ಅದು 11.49 ಲಕ್ಷ ರೂಪಾಯಿಯ ಆರಂಭಿಕ ಬೆಲೆಯೊಂದಿಗೆ ಬಿಡುಗಡೆಯಾದದ್ದು 2025ರ ನವೆಂಬರ್ 25ರಂದು. ಮೊದಲ ಕಾನ್ಸೆಪ್ಟಿನಿಂದ ಬೆಲೆಪಟ್ಟಿಯವರೆಗಿನ ದಾರಿ ಐದು ವರ್ಷಕ್ಕೂ ಮೀರಿತು. ಈ ದಾರಿಯಲ್ಲಿ ಆ ಬಾಗಿದ ಗಾಜು ಉಳಿಯಲಿಲ್ಲ. ಮಾರಾಟಕ್ಕೆ ಬಂದ ಸಿಯೆರಾದಲ್ಲಿ ಕಿಟಕಿಯ ಮೇಲ್ಭಾಗಕ್ಕೆ ಹೊಳಪಿನ ಕಪ್ಪು ಪಟ್ಟಿ ಕೊಟ್ಟು, ದೂರದಿಂದ ನೋಡಿದರೆ ಗಾಜೇ ಛಾವಣಿಗೆ ಹತ್ತಿದಂತೆ ಕಾಣುವ ಹಾಗೆ ಮಾಡಿದ್ದಾರೆ. ಇದರಲ್ಲಿ ಮೋಸವೇನೂ ಇಲ್ಲ. ಬಾಗಿದ ಗಾಜು ದುಬಾರಿ, ಬಿಸಿಲನ್ನು ಒಳಗೆ ಬಿಡುತ್ತದೆ, ಛಾವಣಿಯ ಅಂಚಿನ ಬಲವನ್ನು ತಗ್ಗಿಸುತ್ತದೆ. ವಿನ್ಯಾಸಕಾರನ ಆಸೆ ಮತ್ತು ಕಾರ್ಖಾನೆಯ ಲೆಕ್ಕ ಎರಡೂ ಎದುರಾದಾಗ ಹೀಗೊಂದು ರಾಜಿ ಸಹಜ. ಕಾನ್ಸೆಪ್ಟನ್ನು ನೋಡುವಾಗ ಯಾವ ಅಂಗ ಉಳಿದೀತು, ಯಾವುದು ಉದುರೀತು ಎಂದು ಊಹಿಸುವ ಅಭ್ಯಾಸ ಬೆಳೆಸಿಕೊಂಡರೆ ಮೇಳದ ಸುದ್ದಿ ಓದುವುದೇ ಬೇರೆಯಾಗುತ್ತದೆ.

ಇ-ವಿಟಾರಾದ ಕಥೆ ಇನ್ನೊಂದು ಬಗೆಯದು. ಇವಿಎಕ್ಸ್ ಎಂಬ ಹೆಸರಿನ ಕಾನ್ಸೆಪ್ಟ್ ಆಗಿ ಅದು 2023ರ ಆಟೋ ಎಕ್ಸ್‌ಪೋದಲ್ಲಿ ಕಂಡಿತ್ತು. ಅಂತಿಮ ರೂಪವನ್ನು ಜಗತ್ತಿಗೆ ಮೊದಲು ತೋರಿಸಿದ್ದು 2024ರ ನವೆಂಬರಿನಲ್ಲಿ, ಇಟಲಿಯ ಮಿಲಾನ್ ನಗರದಲ್ಲಿ. ದೆಹಲಿಯ ವೇದಿಕೆಗೆ ಬಂದಾಗ 49 ಮತ್ತು 61 ಕಿಲೋವ್ಯಾಟ್-ಅವರ್ (ಯೂನಿಟ್) ಸಾಮರ್ಥ್ಯದ ಎರಡು ಬ್ಯಾಟರಿಗಳಿರುತ್ತವೆ ಎಂದು ತಿಳಿಯಿತೇ ಹೊರತು ಬೆಲೆ ತಿಳಿಯಲಿಲ್ಲ. ಗುಜರಾತಿನ ಹನ್ಸಲ್‌ಪುರದ ಕಾರ್ಖಾನೆಯಲ್ಲಿ ಉತ್ಪಾದನೆಗೆ ವಿಧ್ಯುಕ್ತ ಚಾಲನೆ ಸಿಕ್ಕಿದ್ದು 2025ರ ಆಗಸ್ಟ್ 26ರಂದು, ಮತ್ತು ಮೊದಲ ಗಾಡಿಗಳು ಹೊರಟಿದ್ದು ಯುರೋಪಿನ ಕಡೆಗೆ. ನಮ್ಮ ದೇಶದಲ್ಲೇ ತಯಾರಾಗಿ ನಮ್ಮ ಮೇಳದಲ್ಲೇ ನಿಂತ ಗಾಡಿ ನಮ್ಮವರಿಗೆ ಮೊದಲು ಸಿಗಬೇಕೆಂಬ ನಿಯಮವೇನಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಕ್ರೆಟಾ ಎಲೆಕ್ಟ್ರಿಕ್ ಮೇಳದ ಮೊದಲ ದಿನವೇ 17.99 ಲಕ್ಷ ರೂಪಾಯಿಯ ಆರಂಭಿಕ ಬೆಲೆಯೊಂದಿಗೆ ಬಂತು. ಹೀಗೆ ಒಂದೇ ಮೇಳದಲ್ಲಿದ್ದ ಎರಡು ಗಾಡಿಗಳಲ್ಲಿ ಒಂದು ಸರಕು, ಇನ್ನೊಂದು ಮುನ್ಸೂಚನೆ.

ಕೆಲವು ಸಂಸ್ಥೆಗಳು ಮೇಳಕ್ಕೆ ಕಾಯುವುದನ್ನೇ ಬಿಟ್ಟಿವೆ ಎಂಬುದನ್ನೂ ಹೇಳಬೇಕು. ಮಹೀಂದ್ರ ತನ್ನ ಬಿಇ 6 ಮತ್ತು ಎಕ್ಸ್‌ಇವಿ 9ಇ ಗಾಡಿಗಳನ್ನು 2024ರ ನವೆಂಬರ್ 26ರಂದು ಚೆನ್ನೈಯಲ್ಲಿ ತನ್ನದೇ ಕಾರ್ಯಕ್ರಮದಲ್ಲಿ ತೋರಿಸಿತು. 1905ರಲ್ಲಿ ಆರಂಭವಾಗಿದ್ದ ಜಿನೀವಾ ವಾಹನ ಮೇಳವನ್ನು 2024ರಲ್ಲಿ ಸಂಘಟಕರು ನಿಲ್ಲಿಸಿದರು. ಆದರೂ ನಮ್ಮಲ್ಲಿ ಮೇಳಕ್ಕೆ ಜನ ಕಿಕ್ಕಿರಿಯುತ್ತಾರೆ, ಏಕೆಂದರೆ ಹತ್ತು ಸಂಸ್ಥೆಗಳ ಗಾಡಿಗಳನ್ನು ಒಂದೇ ಕಡೆ ಮುಟ್ಟಿ ನೋಡುವ ಅವಕಾಶ ಬೇರೆಲ್ಲೂ ಇಲ್ಲ.

ತೋರಿಸಿದ ಗಾಡಿ ನೋಂದಣಿಯಾಗಿ ರಸ್ತೆಗಿಳಿಯುವ ಮುನ್ನ ಅದಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮಾದರಿ ಅನುಮೋದನೆ ಸಿಗಬೇಕು. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಮುಂತಾದ ಸಂಸ್ಥೆಗಳು ಬ್ರೇಕು, ದೀಪ, ಹೊಗೆ, ಶಬ್ದ, ಸೀಟ್ ಬೆಲ್ಟ್, ಬ್ಯಾಟರಿ ಸುರಕ್ಷತೆ ಎಲ್ಲವನ್ನೂ ಪರೀಕ್ಷಿಸುತ್ತವೆ. ಇದು ಕಡ್ಡಾಯ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಕಡ್ಡಾಯವಲ್ಲ. ಸಂಸ್ಥೆ ತಾನಾಗಿ ಮುಂದೆ ಬಂದು ಗಾಡಿಯನ್ನು ಡಿಕ್ಕಿ ಪರೀಕ್ಷೆಗೆ ಒಡ್ಡಿ ಸುರಕ್ಷತೆಯ ನಕ್ಷತ್ರಗಳನ್ನು ಪಡೆಯುತ್ತದೆ. ಅದರಲ್ಲಿ ಗಾಡಿಯ ಮುಂಭಾಗವನ್ನು ಒಂದು ಬದಿಗೆ ಸರಿಸಿ ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸುತ್ತಾರೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎದುರಿನ ಗಾಡಿ ಓವರ್‌ಟೇಕಿಗೆ ಬಂದಾಗ ಆಗುವ ಡಿಕ್ಕಿ ಬಹುತೇಕ ಇದೇ ಬಗೆಯದು. ಹಾಗಾಗಿ ನಕ್ಷತ್ರ ಬರುವ ಮೊದಲೇ ಬುಕ್ ಮಾಡುವುದಕ್ಕಿಂತ ಬಂದ ಮೇಲೆ ಮಾಡುವುದು ಮೇಲೆಂದು ನನ್ನ ಅಭಿಪ್ರಾಯ.

ಈಗ ರೇಂಜಿನ, ಅಂದರೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರದ ಮಾತು. ವಿದ್ಯುತ್ ಕಾರಿನ ಬಗ್ಗೆ ವೇದಿಕೆಯಲ್ಲಿ ಅತ್ಯಂತ ದೊಡ್ಡ ಅಕ್ಷರದಲ್ಲಿ ಬರೆಯುವ ಅಂಕಿ ಅದು. ಕ್ರೆಟಾ ಎಲೆಕ್ಟ್ರಿಕ್ 42 ಕಿಲೋವ್ಯಾಟ್-ಅವರ್ ಬ್ಯಾಟರಿಯಲ್ಲಿ 390 ಕಿ.ಮೀ., 51.4ರಲ್ಲಿ 473 ಕಿ.ಮೀ. ಎಂದು ಘೋಷಿಸಿದರು. ಇದು ಪ್ರಯೋಗಶಾಲೆಯ ಉರುಳೆಗಳ ಮೇಲೆ ಗಾಡಿಯನ್ನು ನಿಲ್ಲಿಸಿ, ಭಾರತೀಯ ಚಾಲನಾ ಚಕ್ರ ಎಂಬ ನಿಗದಿತ ಕ್ರಮದಲ್ಲಿ ಓಡಿಸಿ ಪಡೆದ ಅಂಕಿ. ಆ ಕ್ರಮದ ಮೊದಲ ಭಾಗದಲ್ಲಿ ವೇಗ ಗಂಟೆಗೆ 50 ಕಿ.ಮೀ. ಮೀರುವುದಿಲ್ಲ, ಎರಡನೆಯ ಭಾಗದಲ್ಲಿ 90 ಮೀರುವುದಿಲ್ಲ. ಏರು ಇಲ್ಲ, ಎದುರುಗಾಳಿ ಇಲ್ಲ, ಎ.ಸಿ. ಇಲ್ಲ, ಹಿಂದಿನ ಸೀಟಿನಲ್ಲಿ ಜನರಿಲ್ಲ. ಈ ಅಂಕಿ ಸುಳ್ಳಲ್ಲ. ಒಂದು ಗಾಡಿಯನ್ನು ಇನ್ನೊಂದರೊಂದಿಗೆ ಹೋಲಿಸಲು ಅದು ಬೇಕೇ ಬೇಕು. ಆದರೆ ಮನೆಯಿಂದ ಎಷ್ಟು ದೂರ ಹೋಗಿ ಬರಬಹುದು ಎಂಬುದಕ್ಕೆ ಅದು ಉತ್ತರವಲ್ಲ. ತಯಾರಕರೇ ಇದನ್ನು ಒಪ್ಪುತ್ತಾರೆ. 2025ರ ಜೂನಿನಲ್ಲಿ ಬಿಡುಗಡೆಯಾದ ಹ್ಯಾರಿಯರ್ ಇವಿಗೆ ಪರೀಕ್ಷಾ ಅಂಕಿ 627 ಕಿ.ಮೀ. ಎಂದು ಹೇಳಿದ ಟಾಟಾ ಸಂಸ್ಥೆ, ನಿತ್ಯದ ಓಡಾಟದಲ್ಲಿ ನಿರೀಕ್ಷಿಸಬಹುದಾದ ದೂರವನ್ನು ಅದಕ್ಕಿಂತ ನೂರಕ್ಕೂ ಹೆಚ್ಚು ಕಿ.ಮೀ. ಕಡಿಮೆಯಾಗಿ ತಾನೇ ಪ್ರಕಟಿಸಿದೆ. ಎರಡು ಅಂಕಿಗಳನ್ನೂ ಪಕ್ಕಪಕ್ಕದಲ್ಲಿ ಕೊಡುವ ಈ ಪದ್ಧತಿ ಎಲ್ಲ ಸಂಸ್ಥೆಗಳಿಗೂ ಬರಲಿ ಎಂದು ನಾನು ಬಯಸುತ್ತೇನೆ.

ನಮ್ಮ ಜಿಲ್ಲೆಯವರಿಗೆ ಮುಖ್ಯವಾದ ಸಂದೇಹ ಘಟ್ಟದ್ದು. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದರೆ, ಅಂಕೋಲಾದಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರಕ್ಕೆ ಬಂದರೆ, ಹೊನ್ನಾವರದಿಂದ ಗೇರುಸೊಪ್ಪೆಯ ಮೇಲೆ ಹೋದರೆ ಬ್ಯಾಟರಿ ಅರ್ಧಕ್ಕೆ ಇಳಿದುಬಿಡುತ್ತದೆ ಎಂಬ ಮಾತು ಹರಡಿದೆ. ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಜನ, ಸಾಮಾನು ಸೇರಿ ಗಾಡಿಯ ತೂಕ 1,800 ಕೆ.ಜಿ. ಎಂದಿಟ್ಟುಕೊಳ್ಳೋಣ. ಸಮುದ್ರಮಟ್ಟದ ಕುಮಟಾದಿಂದ ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ತೂಕ, ಗುರುತ್ವ, ಎತ್ತರ ಮೂರರ ಗುಣಲಬ್ಧ. ಅದು ಸುಮಾರು ಒಂದು ಕೋಟಿ ಆರು ಲಕ್ಷ ಜೂಲ್, ಅಂದರೆ ನಮ್ಮ ಕರೆಂಟ್ ಬಿಲ್ಲಿನ ಅಳತೆಯಲ್ಲಿ ಸುಮಾರು 3 ಯೂನಿಟ್. ಮೋಟರು ಮತ್ತು ಗೇರಿನಲ್ಲಿ ಸೋರುವುದನ್ನು ಸೇರಿಸಿ ಮೂರೂವರೆ ಎನ್ನೋಣ. ಒಂದು ಕಿಲೋವ್ಯಾಟ್-ಅವರ್ ಎಂದರೆ ಒಂದು ಯೂನಿಟ್ಟೇ ಆದ್ದರಿಂದ 42 ಯೂನಿಟ್ಟಿನ ಬ್ಯಾಟರಿಯಲ್ಲಿ ಘಟ್ಟದ ಏರು ಮಾತ್ರ ತಿನ್ನುವುದು ಶೇಕಡಾ 8ರಷ್ಟು. ಅರ್ಧ ಬ್ಯಾಟರಿಯ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಇದರ ಮೇಲೆ ದೂರದ ಖರ್ಚು ಸೇರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಎ.ಸಿ. ಹಾಕಿಕೊಂಡು ನೂರು ಕಿ.ಮೀ.ಗೆ 14 ಯೂನಿಟ್ ಹೋಗುತ್ತದೆ ಎಂದು ಹಿಡಿದರೆ, ಕುಮಟಾದಿಂದ ಶಿರಸಿಯವರೆಗಿನ ಸುಮಾರು 60 ಕಿ.ಮೀ.ಗೆ ಎಂಟೂವರೆ ಯೂನಿಟ್ ಆಗುತ್ತದೆ. ಏರಿನ ಮೂರೂವರೆ ಸೇರಿದರೆ ಒಟ್ಟು 12. ಗಾಡಿಯ ತೆರೆಯಲ್ಲಿ ಉಳಿದ ರೇಂಜ್ ಏರು ಶುರುವಾದ ಕೂಡಲೇ ದಡದಡನೆ ಇಳಿಯುವುದಕ್ಕೆ ಕಾರಣವೂ ಇಲ್ಲೇ ಇದೆ: ಆ ಗಳಿಗೆಯ ಖರ್ಚನ್ನೇ ಮುಂದಿನ ದಾರಿಗೂ ಅನ್ವಯಿಸಿ ಅದು ಅಂದಾಜು ಮಾಡುತ್ತದೆ. ಮೊದಲ ಸಲ ಘಟ್ಟ ಹತ್ತುವವರು ಗಾಬರಿಯಾಗುವುದು ಇದನ್ನು ನೋಡಿಯೇ. ಇಳಿಯುವಾಗ ಚಿತ್ರ ತಿರುಗುತ್ತದೆ. ಆಕ್ಸಿಲರೇಟರಿನಿಂದ ಕಾಲೆತ್ತಿದಾಗ ಮೋಟರು ಜನರೇಟರಿನಂತೆ ಕೆಲಸ ಮಾಡಿ ಬ್ಯಾಟರಿಗೆ ವಿದ್ಯುತ್ತನ್ನು ಹಿಂದಿರುಗಿಸುತ್ತದೆ. ಏರಿಗೆ ಕೊಟ್ಟ ಮೂರೂವರೆಯಲ್ಲಿ ಸುಮಾರು ಎರಡು ಯೂನಿಟ್ ಮರಳಿ ಬಂದರೂ ಶಿರಸಿಯಿಂದ ಕುಮಟಾಕ್ಕೆ ಇಳಿಯಲು ಆರೂವರೆ ಯೂನಿಟ್ ಸಾಕು. ಹೋಗಿ ಬರುವ ಒಟ್ಟು ಖರ್ಚು ಹದಿನೆಂಟೂವರೆ ಯೂನಿಟ್. ಅಷ್ಟೇ ದೂರದ ಸಮತಟ್ಟು ರಸ್ತೆಗಿಂತ ಒಂದೂವರೆ ಯೂನಿಟ್ ಮಾತ್ರ ಹೆಚ್ಚು. ಪೆಟ್ರೋಲ್ ಕಾರು ಇಳಿಯುವಾಗ ಟ್ಯಾಂಕಿಗೆ ಒಂದು ಹನಿಯನ್ನೂ ವಾಪಸು ಕೊಡುವುದಿಲ್ಲ ಎಂಬುದನ್ನು ನೆನೆದರೆ, ಘಟ್ಟದ ಜಿಲ್ಲೆಗೆ ವಿದ್ಯುತ್ ಗಾಡಿ ಹೊಂದುವುದಿಲ್ಲ ಎಂಬ ವಾದಕ್ಕೆ ಭೌತಶಾಸ್ತ್ರದ ಬೆಂಬಲವಿಲ್ಲ.

ಆದರೆ ಒಂದು ಎಚ್ಚರ ಬೇಕು. ಬ್ಯಾಟರಿ ಪೂರ್ತಿ ತುಂಬಿದ್ದರೆ ಹಿಂದಿರುಗುವ ವಿದ್ಯುತ್ತಿಗೆ ಜಾಗವಿರುವುದಿಲ್ಲ. ಆಗ ಮೋಟರಿನ ತಡೆ ಕಡಿಮೆಯಾಗಿ ಕಾಲಿನ ಬ್ರೇಕಿನ ಮೇಲೆ ಭಾರ ಬೀಳುತ್ತದೆ. ಘಟ್ಟದ ತಲೆಯಲ್ಲೇ ಮನೆಯಿರುವವರು ಇಳಿಯುವ ದಿನ ಚಾರ್ಜನ್ನು ಶೇಕಡಾ 90ಕ್ಕೆ ನಿಲ್ಲಿಸಿದರೆ ಸಾಕು.

ಚಾರ್ಜಿಂಗ್ ವಿಷಯದಲ್ಲಿ ವೇದಿಕೆಯ ಭಾಷಣ ಯಾವಾಗಲೂ ವೇಗದ ಚಾರ್ಜರಿನ ಬಗ್ಗೆಯೇ ಇರುತ್ತದೆ. 50 ಕಿಲೋವ್ಯಾಟಿನ ಡಿಸಿ ಚಾರ್ಜರಿನಲ್ಲಿ ಕ್ರೆಟಾ ಎಲೆಕ್ಟ್ರಿಕ್ ಶೇಕಡಾ 10ರಿಂದ 80ಕ್ಕೆ ಬರಲು 58 ನಿಮಿಷ ಎಂದು ಸಂಸ್ಥೆ ಹೇಳುತ್ತದೆ. ದೂರದ ಪ್ರಯಾಣಕ್ಕೆ ಈ ಅಂಕಿ ಬೇಕು. ನಿತ್ಯದ ಬದುಕು ನಡೆಯುವುದು ಮನೆಯ ಪ್ಲಗ್ಗಿನಲ್ಲಿ. 16 ಆಂಪಿಯರಿನ ಸಾಕೆಟಿನಿಂದ ಗಂಟೆಗೆ ಸುಮಾರು 3 ಯೂನಿಟ್ ಸಿಗುತ್ತದೆ. ಖಾಲಿಯಾದ 42 ಯೂನಿಟ್ಟಿನ ಬ್ಯಾಟರಿ ತುಂಬಲು 14 ಗಂಟೆಗೂ ಹೆಚ್ಚು ಬೇಕು. ದಿನಕ್ಕೆ ಐವತ್ತು-ಅರವತ್ತು ಕಿ.ಮೀ. ಓಡುವವರಿಗೆ ರಾತ್ರಿಯ ಮೂರು-ನಾಲ್ಕು ಗಂಟೆ ಸಾಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಲೈನಿನ ತುದಿಗೆ ವೋಲ್ಟೇಜ್ ಇಳಿಯುವುದು ಹೊಸದಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಬರುವುದಕ್ಕೆ ದಿನಗಳೇ ಹಿಡಿಯಬಹುದು. ಬುಕ್ ಮಾಡುವ ಮುನ್ನ ಮನೆಯ ಅರ್ಥಿಂಗ್, ಮೀಟರಿನ ಮಂಜೂರಾದ ಲೋಡು, ರಾತ್ರಿಯ ವೋಲ್ಟೇಜ್ ಇವನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಒಬ್ಬರಿಂದ ನೋಡಿಸಿಕೊಳ್ಳಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಅನೇಕ ಚಾರ್ಜರುಗಳು ಕೆಲಸವನ್ನೇ ಆರಂಭಿಸುವುದಿಲ್ಲ.

ದ್ವಿಚಕ್ರ ವಾಹನಗಳಲ್ಲಿ ಈ ವಿಷಯ ಇನ್ನೂ ತೀಕ್ಷ್ಣವಾಗಿದೆ. ಅದೇ ಮೇಳದಲ್ಲಿ ಹೋಂಡಾ ಎರಡು ವಿದ್ಯುತ್ ಸ್ಕೂಟರುಗಳ ಬೆಲೆ ಪ್ರಕಟಿಸಿತು. ಆಕ್ಟಿವಾ ಇ ಎಂಬುದಕ್ಕೆ 1.17 ಲಕ್ಷ, ಕ್ಯೂಸಿ 1 ಎಂಬುದಕ್ಕೆ 90,000 ರೂಪಾಯಿ. ಹೆಸರು, ರೇಂಜ್, ಅಂದ ಎಲ್ಲದರಲ್ಲೂ ಆಕ್ಟಿವಾ ಇ ಮೇಲು. ಆದರೆ ಅದರ ಎರಡು ಬ್ಯಾಟರಿಗಳನ್ನು ಸಂಸ್ಥೆಯ ವಿನಿಮಯ ಕೇಂದ್ರದಲ್ಲೇ ಬದಲಿಸಿಕೊಳ್ಳಬೇಕು. ಮನೆಯಲ್ಲಿ ಚಾರ್ಜ್ ಮಾಡುವ ವ್ಯವಸ್ಥೆ ಇಲ್ಲ. ಅಂಥ ಕೇಂದ್ರಗಳು ಆರಂಭವಾದದ್ದು ಬೆಂಗಳೂರು, ದೆಹಲಿ, ಮುಂಬಯಿಗಳಲ್ಲಿ. ವಿನಿಮಯ ಕೇಂದ್ರವಿಲ್ಲದ ಊರಿನವರಿಗೆ, ಮನೆಯ ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡಬಹುದಾದ, 80 ಕಿ.ಮೀ. ರೇಂಜಿನ ಕ್ಯೂಸಿ 1 ಮಾತ್ರ ಲೆಕ್ಕಕ್ಕೆ ಬರುವ ಗಾಡಿ. ಸುಜುಕಿಯ ಇ-ಆಕ್ಸೆಸ್ ಅಂದು ಬೆಲೆಯಿಲ್ಲದೆ ಬಂತು. ಟಿವಿಎಸ್ ತೋರಿಸಿದ ಜುಪಿಟರ್ ಸಿಎನ್‌ಜಿ ಬರೀ ಕಾನ್ಸೆಪ್ಟ್ ಆಗಿತ್ತು. ಒಂದೇ ಮೇಳದ ನಾಲ್ಕು ಸ್ಕೂಟರುಗಳು, ನಾಲ್ಕು ಬೇರೆ ಬೇರೆ ಸ್ಥಿತಿ.

ಮೇಳಗಳಲ್ಲಿ ಯಾರೂ ತೋರಿಸದ, ಆದರೆ ಕರಾವಳಿಯವರಿಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಗಾಡಿಯ ತಳ. ಕಾರವಾರದ ಬೈತಖೋಲ ಬಂದರಿನ ರಸ್ತೆಯಲ್ಲಿ ಮೀನಿನ ಲಾರಿಗಳಿಂದ ಸೋರುವ ಮಂಜುಗಡ್ಡೆಯ ಉಪ್ಪುನೀರು ಹಿಂದಿನಿಂದ ಬರುವ ಗಾಡಿಗಳ ಅಡಿಗೆ ಸಿಡಿಯುತ್ತದೆ. ಅಲ್ಲಿ ಕೆಲವು ವರ್ಷ ಓಡಿದ ಕಾರೊಂದರ ಬಾಗಿಲು ತೆರೆದು ಕೆಳಅಂಚಿನ ಮೇಲೆ ಬೆರಳಾಡಿಸಿ ನೋಡಿ. ಒಳಗೆ ಸೇರಿದ ಮಳೆನೀರು ಹರಿದುಹೋಗಲೆಂದು ಅಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಎಲೆಚೂರು, ಕೆಮ್ಮಣ್ಣು ಸಿಕ್ಕಿ ಅವು ಮುಚ್ಚಿದಲ್ಲಿ ಬಣ್ಣ ಗುಳ್ಳೆ ಎದ್ದಿರುತ್ತದೆ, ಗುಳ್ಳೆಯನ್ನು ಉಗುರಿನಿಂದ ಒತ್ತಿದರೆ ಕಂದು ಪುಡಿ ಉದುರುತ್ತದೆ. ತುಕ್ಕು ಹೊರಗಿನಿಂದ ಒಳಗೆ ಬಂದದ್ದಲ್ಲ, ಒಳಗಿನಿಂದ ಹೊರಗೆ ಬಂದದ್ದು. ಸೈಲೆನ್ಸರಿನ ಬೆಸುಗೆ, ಹಿಂಬದಿಯ ಆಕ್ಸಲ್, ಬ್ರೇಕಿನ ಕೊಳವೆಗಳ ಹಿಡಿಕೆ, ಬಾನೆಟ್ಟಿನ ಒಳಮಡಿಕೆ ಇವೂ ಇದೇ ದಾರಿ ಹಿಡಿಯುತ್ತವೆ.

ಇದಕ್ಕೆ ಕಾರ್ಖಾನೆಯಲ್ಲಿ ನಾಲ್ಕು ರಕ್ಷೆಗಳಿವೆ. ಉಕ್ಕಿನ ಹಾಳೆಗೇ ಸತುವಿನ ಲೇಪ ಕೊಡುವುದು. ಬೆಸೆದ ಇಡೀ ದೇಹವನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಒಳಮೂಲೆಗಳಿಗೂ ಪ್ರೈಮರ್ ಹಿಡಿಸುವುದು. ಟೊಳ್ಳು ಭಾಗಗಳಿಗೆ ಮೇಣ ಸಿಂಪಡಿಸುವುದು. ತಳಕ್ಕೆ ಪಿವಿಸಿ ಪದರ ಬಳಿಯುವುದು. ಲೇಪಗಳನ್ನು ಪರೀಕ್ಷಿಸುವ ಹಳೆಯ ವಿಧಾನವೆಂದರೆ 35 ಡಿಗ್ರಿ ಉಷ್ಣತೆಯ ಪೆಟ್ಟಿಗೆಯಲ್ಲಿ ಶೇಕಡಾ 5ರ ಉಪ್ಪುನೀರಿನ ಮಂಜನ್ನು ನೂರಾರು ಗಂಟೆ ಸಿಂಪಡಿಸುವುದು. ನಮ್ಮ ಕರಾವಳಿಯ ಪರಿಸ್ಥಿತಿ ಇದಕ್ಕಿಂತ ಭಿನ್ನ. ಇಲ್ಲಿ ಗಾಡಿ ನೆನೆಯುತ್ತದೆ, ಒಣಗುತ್ತದೆ, ಮತ್ತೆ ನೆನೆಯುತ್ತದೆ. ಒಣಗುವಾಗ ಉಪ್ಪು ಗಟ್ಟಿಯಾಗಿ ಮಡಿಕೆಗಳಲ್ಲಿ ಕೂರುತ್ತದೆ. ನೆನೆಸಿ ಒಣಗಿಸುವ ಚಕ್ರದ ಪರೀಕ್ಷೆಯಲ್ಲಿ ಗೆದ್ದ ಲೇಪವೇ ಇಲ್ಲಿ ಬಾಳುತ್ತದೆ. ಆದ್ದರಿಂದ ಶೋರೂಮಿನಲ್ಲಿ ಸನ್‌ರೂಫ್ ಇದೆಯೇ ಎಂದು ಕೇಳುವ ಮೊದಲು, ದೇಹ ತೂತಾಗುವಷ್ಟು ತುಕ್ಕು ಹಿಡಿದರೆ ವಾರಂಟಿ ಎಷ್ಟು ವರ್ಷ, ಅದರಲ್ಲಿ ಕರಾವಳಿಗೆ ವಿನಾಯಿತಿ ಏನಾದರೂ ಇದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ನನ್ನ ಮಟ್ಟಿಗೆ, ಮೇಳದಲ್ಲಿ ಒಂದಾದರೂ ಗಾಡಿಯನ್ನು ಮೇಲೆತ್ತಿ ತಳ ತೋರಿಸುವ ಸಂಸ್ಥೆಯೇ ಕರಾವಳಿಯ ಗ್ರಾಹಕರನ್ನು ಗೌರವಿಸುವ ಸಂಸ್ಥೆ.

ವಿದ್ಯುತ್ ಕಾರಿಗೆ ಇನ್ನೊಂದು ಸಣ್ಣ ತೊಡಕುಂಟು. ಮೋಟರೇ ಬಹುಪಾಲು ವೇಗ ತಗ್ಗಿಸುವುದರಿಂದ ಬ್ರೇಕಿನ ಡಿಸ್ಕುಗಳ ಬಳಕೆ ಕಡಿಮೆ; ಬಳಕೆಯಿಲ್ಲದ ಡಿಸ್ಕಿನ ಮೇಲೆ ಸಮುದ್ರದ ಗಾಳಿಗೆ ತುಕ್ಕು ಬೇಗ ಕೂರುತ್ತದೆ. ಹಿಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ ಆಗಾಗ ಬ್ರೇಕನ್ನು ಸ್ವಲ್ಪ ಗಟ್ಟಿಯಾಗಿ ಒತ್ತಿದರೆ ಅದು ಉಜ್ಜಿ ಹೋಗುತ್ತದೆ.

ನೀರಿನ ಬಗ್ಗೆ ಹೇಳುವ ಐಪಿ 67 ಎಂಬ ಅಂಕಿಯನ್ನೂ ಸರಿಯಾಗಿ ತಿಳಿದುಕೊಳ್ಳಬೇಕು. ಬ್ಯಾಟರಿ ಪೆಟ್ಟಿಗೆಯನ್ನು ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿದರೂ ಹಾನಿಯಾಗುವಷ್ಟು ನೀರು ಒಳಗೆ ಬರಬಾರದು ಎಂಬುದು ಅದರ ಅರ್ಥ, ಮತ್ತು ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮತ್ತು ಅದಕ್ಕೂ ಹೆಚ್ಚು ಮಳೆ ಸುರಿಯುವ ನಮ್ಮ ತೀರದಲ್ಲಿ ರಸ್ತೆಯ ಮೇಲಿನ ನೀರು ದಾಟಲು ಈ ರಕ್ಷೆ ಧಾರಾಳ ಸಾಕು. ಆದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಅಳಿವೆಗಳಲ್ಲಿ ಭರತದ ಹೊತ್ತಿಗೆ ಪ್ರವಾಹ ಏರಿದರೆ ಬರುವುದು ಉಪ್ಪು ಬೆರೆತ ನೀರು. ಅದರಲ್ಲಿ ರಾತ್ರಿಯಿಡೀ ನಿಂತ ಗಾಡಿಯನ್ನು, ಅದು ವಿದ್ಯುತ್ತಿನದಿರಲಿ ಪೆಟ್ರೋಲಿನದಿರಲಿ, ತಾನಾಗಿ ಚಾಲೂ ಮಾಡಲು ಹೋಗಬಾರದು. ವಿಮೆ ಮಾಡಿಸುವಾಗ ನೀರು ನುಗ್ಗಿದ ಎಂಜಿನ್ನಿಗೆ ಅಥವಾ ಬ್ಯಾಟರಿಗೆ ಪ್ರತ್ಯೇಕ ರಕ್ಷಣೆ ಸೇರಿದೆಯೇ ಎಂದು ನೋಡುವುದು ಇಲ್ಲಿ ಐಚ್ಛಿಕ ವಿಷಯವಲ್ಲ.

ಗ್ರೌಂಡ್ ಕ್ಲಿಯರೆನ್ಸಿನ, ಅಂದರೆ ಗಾಡಿಯ ತಳಕ್ಕೂ ನೆಲಕ್ಕೂ ನಡುವಿನ ಅಂತರದ ಅಂಕಿಗೆ ಒಂದೇ ಪ್ರಶ್ನೆ ಸಾಕು: ಅದು ಖಾಲಿ ಗಾಡಿಯದೋ, ಐದು ಜನ ಕುಳಿತ ಗಾಡಿಯದೋ? ಅಡಿಕೆ ಮೂಟೆ ಹಾಕಿಕೊಂಡು ತೋಟದ ದಾರಿಯ ಚಿರೇಕಲ್ಲಿನ ಮೇಲೆ ಹೋಗುವಾಗ ಎರಡನೆಯದೇ ಲೆಕ್ಕ.

ಬೆಲೆಯ ವಿಷಯದಲ್ಲಿ ಮೇಳದ ಕಾರುಗಳಲ್ಲಿ ಅತಿ ಕಡಿಮೆ ಅಂಕಿ ವೇವ್ ಇವಾ ಎಂಬ ಪುಟ್ಟ ಸೌರ ಕಾರಿನದಾಗಿತ್ತು: 3.25 ಲಕ್ಷ ರೂಪಾಯಿ. ಆ ಬೆಲೆಯಲ್ಲಿ ಬ್ಯಾಟರಿ ಸೇರಿರಲಿಲ್ಲ, ಬ್ಯಾಟರಿಗೆ ಕಿ.ಮೀ.ಗೆ 2 ರೂಪಾಯಿಯಂತೆ ಬಾಡಿಗೆ ಕಟ್ಟಬೇಕಿತ್ತು. ಛಾವಣಿಯ ಸೌರಫಲಕ ದಿನಕ್ಕೆ ಹೆಚ್ಚೆಂದರೆ 10 ಕಿ.ಮೀ. ಓಡಿಸುವಷ್ಟು ವಿದ್ಯುತ್ ಕೊಡುತ್ತದೆ ಎಂದು ಸಂಸ್ಥೆ ಹೇಳಿತು. ಜೂನಿನಿಂದ ಸೆಪ್ಟೆಂಬರಿನವರೆಗೆ ಮೋಡ ಕವಿದಿರುವ ನಮ್ಮಲ್ಲಿ ಅದರ ಒಂದು ಪಾಲು ಮಾತ್ರ ಸಿಕ್ಕೀತು. ಬ್ಯಾಟರಿ ಬಾಡಿಗೆಯ ಪದ್ಧತಿಯೇ ಕೆಟ್ಟದ್ದೇನಲ್ಲ, ತಿಂಗಳಿಗೆ ಕಡಿಮೆ ಓಡುವವರಿಗೆ ಅದು ಲಾಭವೇ. ಆದರೆ ಎರಡು ಗಾಡಿಗಳ ಬೆಲೆ ಹೋಲಿಸುವಾಗ ಒಂದರಲ್ಲಿ ಬ್ಯಾಟರಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ವೇದಿಕೆಯ ಬೆಲೆ ಎಕ್ಸ್‌ಶೋರೂಮ್ ಬೆಲೆ. ಕಾರವಾರದ ಕೆಎ 30 ಅಥವಾ ಶಿರಸಿಯ ಕೆಎ 31 ಫಲಕ ಹಾಕಿಸಿಕೊಳ್ಳುವ ಹೊತ್ತಿಗೆ ಅದರ ಮೇಲೆ ಜೀವಾವಧಿ ತೆರಿಗೆ, ವಿಮೆ, ನೋಂದಣಿ ಎಲ್ಲ ಸೇರುತ್ತವೆ. ಕರ್ನಾಟಕದಲ್ಲಿ 10ರಿಂದ 20 ಲಕ್ಷದೊಳಗಿನ ಪೆಟ್ರೋಲ್, ಡೀಸೆಲ್ ಕಾರಿಗೆ ಈ ತೆರಿಗೆ ಶೇಕಡಾ 17, ಅದರ ಮೇಲೆ ಸೆಸ್. ಹಾಗಾಗಿ 11.49 ಲಕ್ಷದ ಸಿಯೆರಾಗೆ ತೆರಿಗೆ, ಸೆಸ್ ಎರಡೇ ಸೇರಿ ಎರಡು ಲಕ್ಷ ದಾಟುತ್ತದೆ. ವಿದ್ಯುತ್ ಕಾರುಗಳಿಗೆ ದೀರ್ಘಕಾಲ ಇದ್ದ ಪೂರ್ಣ ವಿನಾಯಿತಿಯಿಂದ 25 ಲಕ್ಷಕ್ಕಿಂತ ಹೆಚ್ಚು ಬೆಲೆಯವನ್ನು ಹೊರಗಿಟ್ಟು, ಅವುಗಳಿಗೆ 2024ರಲ್ಲಿ ಶೇಕಡಾ 10ರ ತೆರಿಗೆ ಹಾಕಲಾಯಿತು. ಇಂಥ ದರಗಳು ಬಜೆಟ್ಟಿನೊಂದಿಗೆ ಬದಲಾಗುತ್ತವೆ. ಬುಕ್ ಮಾಡಿದ ದಿನದ ದರವಲ್ಲ, ನೋಂದಣಿಯ ದಿನದ ದರ ಅನ್ವಯಿಸುತ್ತದೆ. ಜಿಎಸ್‌ಟಿ ಕೂಡ ಹಾಗೆಯೇ: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ ಅದು ಶೇಕಡಾ 28ರಿಂದ 18ಕ್ಕೆ ಇಳಿಯಿತು, ವಿದ್ಯುತ್ ಕಾರುಗಳಿಗೆ 5ರಲ್ಲೇ ಉಳಿಯಿತು. ಜನವರಿಯ ಮೇಳದ ಬೆಲೆಪಟ್ಟಿಯಲ್ಲಿ ಎರಡರ ನಡುವೆ ಕಂಡ ಅಂತರ ಆ ವರ್ಷದ ದೀಪಾವಳಿಯ ಹೊತ್ತಿಗೆ ಬೇರೆಯೇ ಆಗಿತ್ತು.

ಕೊನೆಯದಾಗಿ ಸರ್ವಿಸ್. ಹೊಚ್ಚ ಹೊಸ ಮಾದರಿಯ ಮೊದಲ ವರ್ಷದಲ್ಲಿ ಬಿಡಿಭಾಗಗಳು ಮೊದಲು ದೊಡ್ಡ ನಗರಗಳಿಗೆ ಹೋಗುತ್ತವೆ, ಹೈ ವೋಲ್ಟೇಜ್ ಬ್ಯಾಟರಿಯನ್ನು ಮುಟ್ಟಲು ತರಬೇತಿ ಪಡೆದ ಮೆಕ್ಯಾನಿಕ್ ಎಲ್ಲ ವರ್ಕ್‌ಶಾಪಿನಲ್ಲೂ ಇರುವುದಿಲ್ಲ. ನಮ್ಮಲ್ಲಿ ಅನೇಕರು ದೊಡ್ಡ ರಿಪೇರಿಗೆ ಹುಬ್ಬಳ್ಳಿಗೋ ಗೋವಾಕ್ಕೋ ಮಂಗಳೂರಿಗೋ ಹೋಗುವುದು ಮೊದಲಿನಿಂದಲೂ ಇದೆ. ಕೆಟ್ಟು ನಿಂತ ಪೆಟ್ರೋಲ್ ಜೀಪನ್ನು ಹಗ್ಗ ಕಟ್ಟಿ ಎಳೆದಂತೆ ವಿದ್ಯುತ್ ಕಾರನ್ನು ಎಳೆಯುವಂತಿಲ್ಲ. ಚಕ್ರ ತಿರುಗಿದರೆ ಮೋಟರು ವಿದ್ಯುತ್ ಹುಟ್ಟಿಸಿ ಬಿಡಿಭಾಗಗಳನ್ನು ಸುಡಬಹುದು. ಆದ್ದರಿಂದ ನಾಲ್ಕೂ ಚಕ್ರಗಳನ್ನು ಎತ್ತಿ ಒಯ್ಯುವ ಫ್ಲಾಟ್‌ಬೆಡ್ ಲಾರಿಯೇ ಬರಬೇಕು. ದೇವಿಮನೆ ಘಟ್ಟದ ತಿರುವಿನಲ್ಲಿ ಮಳೆಯ ರಾತ್ರಿ ಗಾಡಿ ನಿಂತರೆ ಅಂಥ ಲಾರಿ ಎಲ್ಲಿಂದ, ಎಷ್ಟು ಹೊತ್ತಿಗೆ ಬರುತ್ತದೆ, ಉಚಿತ ಸಹಾಯದ ದೂರದ ಮಿತಿ ಎಷ್ಟು ಎಂದು ಶೋರೂಮಿನವರನ್ನು ಬುಕಿಂಗ್ ಹಣ ಕಟ್ಟುವ ಮೊದಲೇ ಕೇಳಬೇಕು.